ಸೀತಾಳೆ ದಂಡೆ ಬೆಳೆಸುವ ಬಗೆ

ಮಲೆನಾಡಿನ ಹಲಸು, ಮಾವಿನ ಮರಗಳಲ್ಲಿ ಮೇ-ಜೂನ್ ಹೊತ್ತಿಗೆ ನರಿಯ ಬಾಲದಂತೆ ಇಳಿಬೀಳುವ, ಬಿಳಿಯ ಮೇಲೆ ನೇರಳೆ ಚುಕ್ಕೆಯ ಹೂಗೊಂಚಲನ್ನು ನೀವು ನೋಡಿದ್ದೀರಿ. ಹೆಣ್ಣುಮಕ್ಕಳು ಮುಡಿಯುವ ಸೀತಾಳೆ ದಂಡೆ ಅದೇ.

ಬಂದಳಿಕೆ ಅಂತ ತಿಳಿದು ಇದನ್ನು ಕಿತ್ತೆಸೆಯುವವರುಂಟು. ತಪ್ಪು. ಬಂದಳಿಕೆ ಮರದೊಳಕ್ಕೆ ಬೇರಿಳಿಸಿ ರಸ ಹೀರುತ್ತದೆ. ಇದು ತೊಗಟೆಗೆ ಅಂಟಿ ಕೂತಿರುತ್ತದೆ, ಅಷ್ಟೆ. ಮಳೆನೀರು, ಇಬ್ಬನಿ, ತೊಗಟೆಯ ಮೇಲೆ ಕೊಳೆತ ತರಗು, ಇವೇ ಅದರ ಆಹಾರ.

ಕಾಡಿನ ಮರದಿಂದ ಕೀಳಬೇಡಿ. ಬೀಜ ಧೂಳಿನಷ್ಟು ಸಣ್ಣದು. ತಕ್ಕ ಶಿಲೀಂಧ್ರ ಜೊತೆಗೂಡದೆ ಅಲ್ಲಿ ಮೊಳೆಯದು. ಮೊಳೆತರೂ ಹೂ ಬಿಡಲು ವರ್ಷಗಳೇ ಬೇಕು. ನಿಮ್ಮ ತೋಟದಲ್ಲಿ ಗಾಳಿಮಳೆಗೆ ಮುರಿದ ಕೊಂಬೆಯ ಗಿಡವನ್ನು ಉಳಿಸಿಕೊಳ್ಳಿ.

ಹಾಗಂತ ಕುಂಡದ ಮಣ್ಣಿನಲ್ಲಿ ಹೂಳೀರಿ, ಜೋಕೆ! ನಾನು ಮೊದಲ ಸಲ ಕೆಂಪುಮಣ್ಣು, ಹಟ್ಟಿಗೊಬ್ಬರ ಹಾಕಿ ನೆಟ್ಟೆ. ಬೇರು ಕೊಳೆತು ನಾರಿತು. ಇದರ ಬೇರಿಗೆ ಸ್ಪಂಜಿನಂಥ ಬಿಳಿ ಹೊದಿಕೆಯಿದೆ. ನೀರು ಬಿದ್ದೊಡನೆ ಹೀರಿ ಹಸುರಾಗುತ್ತದೆ, ಗಾಳಿಯಾಡಿದರೆ ಒಣಗಿ ಮತ್ತೆ ಬೆಳ್ಳಗಾಗುತ್ತದೆ. ಹೀಗೆ ಒಣಗಲೇಬೇಕು.

ಮಳೆಗಾಲದ ಆರಂಭದಲ್ಲಿ, ಒರಟು ತೊಗಟೆಯ ಮರದಲ್ಲಿ, ಬೆಳಗಿನ ಎಳೆಬಿಸಿಲು ತಾಗುವ ಕಡೆ ತೆಂಗಿನ ಹುರಿಯಿಂದ ಅಲುಗದಂತೆ ಕಟ್ಟಿ. ಸುಳಿಯಲ್ಲಿ ನೀರು ನಿಂತರೆ ಕೊಳೆಯುತ್ತದೆ, ಆದ್ದರಿಂದ ತುಸು ವಾರೆಯಾಗಿರಲಿ. ಬೇಸಗೆಯಲ್ಲಿ ಬೆಳಗ್ಗೆ ನೀರು ಚಿಮುಕಿಸಿದರೆ ಸಾಕು. ಗೊಬ್ಬರದ ಆತುರ ಬೇಡ. ಹೊಸ ಬೇರುಗಳು ತೊಗಟೆಯನ್ನು ಬಿಗಿಯಾಗಿ ಹಿಡಿದ ಮೇಲೆ ಹುರಿ ಬಿಚ್ಚಬಹುದು.