ಬಾಣಂತನ ಮುಗಿದ ಮೇಲೂ ಬೇಕು ಹೃದಯದ ಎಚ್ಚರ

ಗರ್ಭಿಣಿಯಾಗಿದ್ದಾಗ ಕಾಣಿಸಿಕೊಂಡ ಸಕ್ಕರೆ ಕಾಯಿಲೆ ಹೆರಿಗೆಯೊಡನೆ ಹೊರಟುಹೋಯಿತೆಂದು ನಮ್ಮ ಮನೆಗಳಲ್ಲಿ ನೆಮ್ಮದಿ ತಾಳುವುದು ವಾಡಿಕೆ. ಅದು ಅರ್ಧ ಸತ್ಯ ಮಾತ್ರ. ಗರ್ಭಕಾಲದಲ್ಲಿ ಮಾಸು ಸ್ರವಿಸುವ ಹಾರ್ಮೋನುಗಳು ತಾಯಿಯ ದೇಹದಲ್ಲಿ ಇನ್ಸುಲಿನ್ನಿನ ಪ್ರಭಾವವನ್ನು ಕುಗ್ಗಿಸುತ್ತವೆ. ಬಹುಪಾಲು ಗರ್ಭಿಣಿಯರಲ್ಲಿ ಮೇದೋಜೀರಕ ಗ್ರಂಥಿಯು ಹೆಚ್ಚು ಇನ್ಸುಲಿನ್ ಒದಗಿಸಿ ಸರಿದೂಗಿಸುತ್ತದೆ. ಅದಾಗದವರಲ್ಲಿ ಸಕ್ಕರೆ ಏರುತ್ತದೆ. ಮಾಸು ಬಿದ್ದ ಮೇಲೆ ಸಕ್ಕರೆ ಇಳಿಯುವುದು ಸಹಜವೇ. ಆದರೆ ಆಗ ಬಯಲಾದ ದೌರ್ಬಲ್ಯವು ದೇಹದಲ್ಲಿ ಉಳಿದಿರುತ್ತದೆ.

ಇಂತಹ ತಾಯಂದಿರಿಗೆ ಮುಂದೆ ಮಧುಮೇಹ ಬರುವ ಸಂಭವ ಇತರರಿಗಿಂತ ಏಳರಿಂದ ಹತ್ತು ಪಟ್ಟು ಹೆಚ್ಚೆಂಬುದನ್ನು ಕೆಲವರಾದರೂ ಕೇಳಿರುತ್ತಾರೆ. ಹೃದಯ ಹಾಗೂ ರಕ್ತನಾಳಗಳ ಕಾಯಿಲೆಯ ಸಂಭವವೂ ಸುಮಾರು ಇಮ್ಮಡಿಯಾಗುತ್ತದೆಂಬುದು ಅಷ್ಟಾಗಿ ತಿಳಿದಿಲ್ಲ. ಮಧುಮೇಹ ಮರಳಿ ಬಾರದವರಲ್ಲಿಯೂ ಈ ಅಪಾಯ ಸ್ವಲ್ಪಮಟ್ಟಿಗೆ ಇದ್ದೇ ಇರುತ್ತದೆ ಎಂಬುದನ್ನು ನಾವು ಒತ್ತಿ ಹೇಳಬಯಸುತ್ತೇವೆ.

ಇಲ್ಲಿ ಕೊಲೆಸ್ಟ್ರಾಲಿನ ಪಾತ್ರವೇನು? ಇನ್ಸುಲಿನ್ ಸರಿಯಾಗಿ ಕೆಲಸ ಮಾಡದಿದ್ದಾಗ ಯಕೃತ್ತು ಟ್ರೈಗ್ಲಿಸರೈಡ್ ಎಂಬ ಕೊಬ್ಬನ್ನು ಹೆಚ್ಚಾಗಿ ರಕ್ತಕ್ಕೆ ಬಿಡುತ್ತದೆ. ರಕ್ಷಕವೆನಿಸಿದ ಎಚ್‌ಡಿಎಲ್ ತಗ್ಗುತ್ತದೆ. ಎಲ್‌ಡಿಎಲ್ ಕಣಗಳು ಚಿಕ್ಕದಾಗಿ ರಕ್ತನಾಳದ ಗೋಡೆಯೊಳಗೆ ಸುಲಭವಾಗಿ ನುಸುಳುತ್ತವೆ. ನಮ್ಮ ದೇಶದವರಲ್ಲಿ ಈ ಬಗೆಯ ಏರುಪೇರು ಮೊದಲೇ ಹೆಚ್ಚು. ಗೋಡೆಯಲ್ಲಿ ಕೊಬ್ಬು ಸೇರುತ್ತಿರುವುದು ವರ್ಷಗಟ್ಟಲೆ ನೋವನ್ನಾಗಲಿ ಸೂಚನೆಯನ್ನಾಗಲಿ ಕೊಡುವುದಿಲ್ಲ. ಆದ್ದರಿಂದ ರಕ್ತಪರೀಕ್ಷೆಯೊಂದೇ ದಾರಿ.

ಪರೀಕ್ಷೆಯ ಕಾಲವನ್ನೂ ಅರಿತಿರಬೇಕು. ಗರ್ಭದಲ್ಲಿ ಕೊಲೆಸ್ಟ್ರಾಲ್ ಸಹಜವಾಗಿಯೇ ಏರುತ್ತದೆ; ಟ್ರೈಗ್ಲಿಸರೈಡ್ ಎರಡು ಮೂರು ಪಟ್ಟಾಗುವುದುಂಟು. ಹೆರಿಗೆಯಾದ ಕೂಡಲೇ ಅಳೆದು ಗಾಬರಿಗೊಳ್ಳುವುದು ವ್ಯರ್ಥ. ಆರು ವಾರಗಳ ಬಳಿಕ 75 ಗ್ರಾಂ ಗ್ಲೂಕೋಸ್ ಕುಡಿಸಿ ಮಾಡುವ ಸಕ್ಕರೆ ಪರೀಕ್ಷೆ, ಎರಡು ಮೂರು ತಿಂಗಳು ಕಳೆದ ಮೇಲೆ ಕೊಬ್ಬಿನ ಪರೀಕ್ಷೆ, ಜೊತೆಗೆ ರಕ್ತದೊತ್ತಡ. ಸಕ್ಕರೆಯನ್ನು ಅನಂತರವೂ ವರ್ಷಕ್ಕೊಮ್ಮೆ ನೋಡಿಸಬೇಕು. ಮಗುವಿನ ಲಸಿಕೆಯ ದಿನ ತಪ್ಪದ ಮನೆಗಳಲ್ಲಿ ತಾಯಿಯ ಈ ಪರೀಕ್ಷೆ ಮಾತ್ರ ತಪ್ಪಿಹೋಗುತ್ತದೆ. ಲಸಿಕೆಗೆ ಹೋದ ದಿನವೇ ಇದನ್ನೂ ವಿಚಾರಿಸಿದರೆ ಬೇರೆ ಓಡಾಟ ಬೇಕಿಲ್ಲ.

ಇನ್ನು ಬಾಣಂತಿಯ ಊಟ. ಅಂಟಿನ ಉಂಡೆ, ಕೊಬ್ಬರಿ, ಬೆಲ್ಲ, ತಟ್ಟೆಯ ತುಂಬ ತುಪ್ಪದನ್ನ ತವರಿನ ಅಕ್ಕರೆಯ ಗುರುತುಗಳು. ಅವನ್ನು ನಾವು ಹಳಿಯುತ್ತಿಲ್ಲ. ಆದರೆ ಹಿಂದಿನ ಬಾಣಂತಿ ಕೆಲವೇ ತಿಂಗಳಲ್ಲಿ ಬೀಸುಕಲ್ಲಿಗೂ ಹೊಲಕ್ಕೂ ಮರಳುತ್ತಿದ್ದಳು. ಇಂದು ಆ ದುಡಿಮೆ ಇಲ್ಲ, ಉಂಡೆ ಮಾತ್ರ ಉಳಿದಿದೆ. ಸಕ್ಕರೆ ಕಾಣಿಸಿಕೊಂಡಿದ್ದ ತಾಯಿಗೆ ದಿನವೂ ಉಂಡೆಯ ಬದಲು ಜೋಳದ ರೊಟ್ಟಿ, ಮೆಂತ್ಯದ ಪಲ್ಯ, ಹೆಸರುಬೇಳೆ, ಮೊಳಕೆ ಕಾಳು, ಮಜ್ಜಿಗೆ ಬಡಿಸಿರಿ. ತುಪ್ಪ ಚಮಚದ ಲೆಕ್ಕದಲ್ಲಿರಲಿ. ಬೆಲ್ಲವೂ ಸಕ್ಕರೆಯೇ ಎಂಬುದನ್ನು ಹಿರಿಯರು ಒಪ್ಪುವುದು ಕಷ್ಟ, ಆದರೂ ಹೇಳದೆ ವಿಧಿಯಿಲ್ಲ. ಎದೆಹಾಲುಣಿಸುವುದು ಮಗುವಿಗಷ್ಟೇ ಅಲ್ಲ, ತಾಯಿಗೂ ಮಧುಮೇಹದಿಂದ ರಕ್ಷಣೆ ಕೊಡುತ್ತದೆ. ವೈದ್ಯರು ಅನುಮತಿಸಿದ ಮೇಲೆ ದಿನಕ್ಕೆ ಅರ್ಧ ಗಂಟೆ ಬಿರುಸಾಗಿ ನಡೆಯಬೇಕು. ಅಷ್ಟು ಹೊತ್ತು ಮಗುವನ್ನು ಎತ್ತಿಕೊಳ್ಳುವವರು ಮನೆಯಲ್ಲಿರಬೇಕು. ಅತ್ತೆಯವರೂ ಪತಿಯೂ ಇದನ್ನು ತಮ್ಮ ಪಾಲಿನ ಕಾಯಕವೆಂದು ಬಗೆಯಲಿ.

ಕೊಲೆಸ್ಟ್ರಾಲ್ ತಗ್ಗಿಸುವ ಸ್ಟ್ಯಾಟಿನ್ ಮಾತ್ರೆಗಳನ್ನು ಗರ್ಭಧಾರಣೆಯ ಹಾಗೂ ಹಾಲುಣಿಸುವ ಕಾಲದಲ್ಲಿ ಸಾಮಾನ್ಯವಾಗಿ ಕೊಡುವುದಿಲ್ಲ. ಅವನ್ನು ಸೇವಿಸುತ್ತಿರುವವರು ಮತ್ತೊಂದು ಮಗುವನ್ನು ಬಯಸಿದರೆ ಮೊದಲೇ ವೈದ್ಯರಿಗೆ ತಿಳಿಸಬೇಕು.

ತಾಯಿ ಕಾರ್ಡನ್ನು ಎಸೆಯದೆ ಕಾದಿರಿಸಿಕೊಳ್ಳಿರಿ. ಹದಿನೈದು ವರ್ಷಗಳ ನಂತರ ಏದುಸಿರು, ಅತಿಯಾದ ಆಯಾಸ, ದವಡೆ ಅಥವಾ ಬೆನ್ನಿನ ನೋವೆಂದು ಆಸ್ಪತ್ರೆಗೆ ಹೋದಾಗ ಅದನ್ನು ಗ್ಯಾಸ್ಟ್ರಿಕ್ ಎಂದು ತಳ್ಳಿಹಾಕಗೊಡದೆ, ಗರ್ಭಿಣಿಯಾಗಿದ್ದಾಗ ಸಕ್ಕರೆ ಇತ್ತೆಂಬುದನ್ನು ವೈದ್ಯರಿಗೆ ಮೊದಲು ಹೇಳಿರಿ.