ಸಣ್ಣ ಊರುಗಳಿಗೂ ಹಾರಿದ ಏರ್‌ ಡೆಕ್ಕನ್‌

ಪಟ್ಟಂದೂರು ಅಗ್ರಹಾರದ ಐಟಿಪಿಎಲ್‌ ಕಚೇರಿಗಳಲ್ಲಿ ದುಡಿಯುತ್ತಿದ್ದವರಿಗೆ 2008ರ ಮೇವರೆಗೂ ವಿಮಾನ ನಿಲ್ದಾಣವೆಂದರೆ ಎಚ್‌ಎಎಲ್‌. ಮಾರತ್ತಹಳ್ಳಿ ದಾಟಿದರೆ ಬಂದೇಬಿಡುತ್ತಿತ್ತು. ಹುಬ್ಬಳ್ಳಿ, ಮಂಗಳೂರಿನ ಕಡೆಯಿಂದ ಕೆಲಸಕ್ಕೆ ಬಂದ ಎಷ್ಟೋ ಮಂದಿಗೆ ರಾತ್ರಿ ಬಸ್ಸಿನ ಬದಲು ವಿಮಾನದಲ್ಲಿ ಊರಿಗೆ ಹೋಗಬಹುದು ಎಂಬ ಧೈರ್ಯ ಕೊಟ್ಟದ್ದು ಅಲ್ಲಿಂದ ಹಾರುತ್ತಿದ್ದ ಏರ್‌ ಡೆಕ್ಕನ್‌.

ಅದನ್ನು ಕಟ್ಟಿದವರು ಹಾಸನ ಜಿಲ್ಲೆಯ ಗೊರೂರಿನಲ್ಲಿ ಬೆಳೆದ ಕ್ಯಾಪ್ಟನ್‌ ಜಿ.ಆರ್‌. ಗೋಪಿನಾಥ್‌. ಸೇನೆ ಬಿಟ್ಟು ಬಂದು ರೇಷ್ಮೆ ಕೃಷಿ ಮಾಡಿದರು. 1997ರಲ್ಲಿ ಸೇನೆಯ ಗೆಳೆಯ ಕ್ಯಾಪ್ಟನ್‌ ಕೆ.ಜೆ. ಸ್ಯಾಮ್ಯುಯೆಲ್‌ ಜತೆ ಹೆಲಿಕಾಪ್ಟರ್‌ ಸಂಸ್ಥೆ ಆರಂಭಿಸಿದರು. 2003ರ ಆಗಸ್ಟ್‌ನಲ್ಲಿ ಏರ್‌ ಡೆಕ್ಕನ್‌ ಹಾರಾಟ ಶುರುವಾಯಿತು. ಆರ್‌.ಕೆ. ಲಕ್ಷ್ಮಣ್‌ ಅವರ ‘ಶ್ರೀಸಾಮಾನ್ಯ’ನೇ ಅದರ ಗುರುತು.

ಲೆಕ್ಕಾಚಾರ ಸರಳವಾಗಿತ್ತು. ಐವತ್ತರೊಳಗಿನ ಸೀಟುಗಳ ಎಟಿಆರ್‌ 42 ವಿಮಾನ ಗಿಡ್ಡ ರನ್‌ವೇಯಲ್ಲೂ ಇಳಿಯುತ್ತದೆ; ಹತ್ತಿರದ ಊರುಗಳ ನಡುವೆ ಜೆಟ್‌ಗಿಂತ ಕಡಿಮೆ ಇಂಧನ ಸಾಕು. ತಿಂಡಿ ಬೇಕಾದವರು ದುಡ್ಡು ಕೊಟ್ಟು ಕೊಳ್ಳಬೇಕು. ಸೀಟು ಸಂಖ್ಯೆ ಇಲ್ಲ. ಟಿಕೆಟ್‌ ಮಾರಾಟ ಇಂಟರ್‌ನೆಟ್‌ ಮತ್ತು ಫೋನಿನಲ್ಲಿ. ಪೆಟ್ರೋಲ್‌ ಬಂಕ್‌ಗಳಲ್ಲೂ ಸಿಗುತ್ತಿತ್ತು. ಕೆಲವು ಸೀಟುಗಳನ್ನು ಒಂದು ರೂಪಾಯಿಗೂ ಮಾರಿದರು.

ಬೇಗ ಬೆಳೆಯಬೇಕೆಂಬ ಆತುರ ಮಾತ್ರ ದುಬಾರಿಯಾಯಿತು. 2004ರಲ್ಲಿ ದೊಡ್ಡ ಏರ್‌ಬಸ್‌ಗಳು ಬಂದು, ಪೈಪೋಟಿ ದೆಹಲಿಯಂಥ ಮಹಾನಗರಗಳಿಗೆ ಹೊರಳಿತು. ಮುಂದಿನ ಎರಡು ವರ್ಷಗಳಲ್ಲಿ ಕಿಂಗ್‌ಫಿಷರ್‌, ಸ್ಪೈಸ್‌ಜೆಟ್‌, ಗೋಏರ್‌, ಇಂಡಿಗೊ ಒಂದಾದ ಮೇಲೊಂದು ಕಣಕ್ಕಿಳಿದವು. ದರ ಇಳಿಯುತ್ತಿತ್ತು, ಇಂಧನದ ಬೆಲೆ ಏರುತ್ತಿತ್ತು, ನಷ್ಟ ಬೆಳೆಯಿತು.

2007ರಲ್ಲಿ ಕಿಂಗ್‌ಫಿಷರ್‌ನ ಒಡೆಯ ವಿಜಯ್‌ ಮಲ್ಯ ಅವರ ಯುಬಿ ಸಮೂಹ ಏರ್‌ ಡೆಕ್ಕನ್‌ನಲ್ಲಿ ಶೇ 26ರಷ್ಟು ಪಾಲು ಕೊಂಡಿತು. ವಿದೇಶಕ್ಕೆ ಹಾರಲು ಐದು ವರ್ಷದ ಅನುಭವ ಬೇಕೆಂಬ ನಿಯಮ ಆಗ ಇತ್ತು. 2005ರಲ್ಲಿ ಶುರುವಾದ ಕಿಂಗ್‌ಫಿಷರ್‌ಗೆ ಅದು ಇರಲಿಲ್ಲ, 2008ಕ್ಕೆ ಐದು ತುಂಬುವ ಡೆಕ್ಕನ್‌ಗೆ ಇತ್ತು. ಎರಡೂ ಒಂದಾದವು; ಡೆಕ್ಕನ್‌ ‘ಕಿಂಗ್‌ಫಿಷರ್‌ ರೆಡ್‌’ ಆಯಿತು. 2011ರಲ್ಲಿ ಅಗ್ಗದ ಸೇವೆಯನ್ನು ಕೈಬಿಡುವ ತೀರ್ಮಾನವಾಯಿತು. 2012ರ ಅಕ್ಟೋಬರ್‌ನಲ್ಲಿ ಕಿಂಗ್‌ಫಿಷರ್‌ ಹಾರಾಟವೇ ನಿಂತಿತು. 2017ರ ಕೊನೆಗೆ ಸಣ್ಣದಾಗಿ ಮರುಹುಟ್ಟು ಪಡೆದ ಏರ್‌ ಡೆಕ್ಕನ್‌ ಕೋವಿಡ್‌ ಹೊಡೆತಕ್ಕೆ 2020ರಲ್ಲಿ ಮತ್ತೆ ಮುಚ್ಚಿತು.

ಆದರೂ ಅದು ತೋರಿದ ದಾರಿ ಉಳಿದಿದೆ. ಸಣ್ಣ ಊರುಗಳನ್ನು ಜೋಡಿಸುವ ಕೇಂದ್ರದ ‘ಉಡಾನ್‌’ ಯೋಜನೆಯ ಹಾರಾಟ 2017ರಲ್ಲಿ ಆರಂಭವಾಯಿತು. ಕಲಬುರಗಿ, ಬೀದರ್‌ ನಿಲ್ದಾಣಗಳು ತೆರೆದವು. ಬೆಂಗಳೂರಿನ ಸ್ಟಾರ್‌ ಏರ್‌ 2019ರಲ್ಲಿ ತನ್ನ ಹಾರಾಟವನ್ನು ಹುಬ್ಬಳ್ಳಿಯಿಂದಲೇ ಶುರು ಮಾಡಿತು.

ಜಿಲ್ಲಾ ಕೇಂದ್ರಗಳಲ್ಲಿ ಪ್ರಯಾಣಿಕರಿದ್ದಾರೆ ಎಂಬುದನ್ನು ಏರ್‌ ಡೆಕ್ಕನ್‌ ಸಾಬೀತು ಮಾಡಿದೆ. ಅವರಿಗೆ ಬೇಕಾದದ್ದು ಒಂದು ರೂಪಾಯಿಯ ಟಿಕೆಟ್‌ ಅಲ್ಲ. ಖರ್ಚು ಹುಟ್ಟುವಷ್ಟು ದರದಲ್ಲಿ, ಊರಿನ ಅಳತೆಗೆ ತಕ್ಕ ವಿಮಾನದಲ್ಲಿ, ನಡುವೆ ನಿಲ್ಲದೆ ವರ್ಷಾನುಗಟ್ಟಲೆ ನಡೆಯುವ ಸೇವೆ. ಮುಂದೆ ಈ ಕೆಲಸಕ್ಕೆ ಇಳಿಯುವವರು ಡೆಕ್ಕನ್‌ನ ಧೈರ್ಯದ ಜತೆಗೆ ಅದರ ಲೆಕ್ಕ ತಪ್ಪಿದ್ದೆಲ್ಲಿ ಎಂಬುದನ್ನೂ ಕಲಿಯಬೇಕು.