ನಿಮಗಿದು ಗೊತ್ತೆ? ಹಾಸನದ ಮಾಗಿ ಚಳಿಯ ಗುಟ್ಟು

1960ರಲ್ಲಿ ಶುರುವಾದ ಹಾಸನದ ಮಲೆನಾಡು ಎಂಜಿನಿಯರಿಂಗ್ ಕಾಲೇಜಿನಲ್ಲಿ ಓದಿದವರಿಗೆ ಮಾಗಿಯ ಮುಂಜಾವಿನ ಚಳಿ ಮರೆಯುವಂಥದ್ದಲ್ಲ. ‘ಬಡವರ ಊಟಿ’ ಎನ್ನಿಸಿಕೊಂಡ ಈ ಊರು ಸಮುದ್ರಮಟ್ಟದಿಂದ ಸುಮಾರು 950 ಮೀಟರ್ ಎತ್ತರದಲ್ಲಿದೆ. ಸಾವಿರ ಮೀಟರ್ ಮೇಲೇರಿದರೆ ಉಷ್ಣಾಂಶ ಸರಾಸರಿ 6.5 ಡಿಗ್ರಿ ಸೆಲ್ಸಿಯಸ್ ಇಳಿಯುತ್ತದೆ. ಜೊತೆಗೆ ಡಿಸೆಂಬರ್-ಜನವರಿಯಲ್ಲಿ ಮೋಡವಿಲ್ಲದ ಆಕಾಶ, ಒಣಗಾಳಿ. ಹಗಲು ಕಾದ ನೆಲ ರಾತ್ರಿಯಿಡೀ ಶಾಖ ಕಳೆದುಕೊಳ್ಳುತ್ತಲೇ ಇರುತ್ತದೆ. ಹಾಗಾಗಿ ಚಳಿ ಅತಿ ಹೆಚ್ಚಾಗುವುದು ನಡುರಾತ್ರಿಯಲ್ಲಲ್ಲ, ಸೂರ್ಯ ಹುಟ್ಟುವ ಹೊತ್ತಿಗೆ; ಹಾಸ್ಟೆಲ್ ಹುಡುಗರು ಬಕೆಟ್ ಹಿಡಿದು ಬಿಸಿನೀರಿಗೆ ಸಾಲು ನಿಲ್ಲುವ ಹೊತ್ತಿಗೆ ಸರಿಯಾಗಿ! ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ಹೊಲಗಳಲ್ಲಿ ಅವರೆಕಾಯಿಗೆ ಸೊಗಡು ಏರುವುದೂ ಇದೇ ಇಬ್ಬನಿಯ ದಿನಗಳಲ್ಲಿ. ಆಗ ಹಾಸನಕ್ಕೆ ಹೊರಟರೆ ಸ್ವೆಟರ್ ಮರೆಯಬೇಡಿ.